ಮಕ್ಕಳ ಆಘಾತಕ್ಕೆ ಎರಡು ದಿನದ ಸರ್ಟಿಫಿಕೇಟು

ಕೆಲವು ಪದಗಳು ಊರಿಗೆ ಒಂಟಿಯಾಗಿ ಬರುವುದಿಲ್ಲ. ಅವುಗಳ ಹಿಂದೆ ಫ್ಲೆಕ್ಸು ಬರುತ್ತದೆ, ಪ್ರೊಜೆಕ್ಟರ್ ಬರುತ್ತದೆ, ಗಿಡಕ್ಕೆ ನೀರೆರೆಯುವ ಉದ್ಘಾಟನೆ ಬರುತ್ತದೆ, ಹನ್ನೊಂದೂವರೆಯ ಚಹಾ ಬಿಸ್ಕತ್ತು ಬರುತ್ತದೆ, ಎರಡನೆಯ ದಿನ ಸಂಜೆ ಐದಕ್ಕೆ ಗ್ರೂಪ್ ಫೋಟೋ ಮತ್ತು ಪ್ರಮಾಣಪತ್ರ ಬರುತ್ತವೆ. ‘ಟ್ರಾಮಾ ಇನ್‌ಫಾರ್ಮ್ಡ್’ ಅಂಥದ್ದೊಂದು ಪದ. ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಯಾರ ಕಚೇರಿಗೆ ಹೋದರೂ ಗೋಡೆಯ ಮೇಲೆ ಈ ಹೆಸರಿನ ಒಂದೆರಡು ಪ್ರಮಾಣಪತ್ರಗಳಾದರೂ ಚೌಕಟ್ಟಿನಲ್ಲಿ ಕೂತಿರುತ್ತವೆ. ಮೊದಲ ಸುತ್ತು ಮುಗಿದವರಿಗೆ ‘ಅಡ್ವಾನ್ಸ್ಡ್’ ಅಂತ ಇನ್ನೊಂದು ಸುತ್ತು. ಅದಕ್ಕೆ ಇನ್ನೂ ದಪ್ಪ ಕಾಗದ.

ನನ್ನ ಜಗಳ ಆ ವಿಚಾರದ ಜೊತೆಗಲ್ಲ. ವಿಚಾರ ಒಳ್ಳೆಯದು; ಅಷ್ಟೇ ಅಲ್ಲ, ನಮ್ಮ ಮಕ್ಕಳ ಪಾಲಿಗೆ ಬಹಳ ತಡವಾಗಿ ಬಂದದ್ದು. ಅದಕ್ಕೆ ನಾವು ತಂದಿಟ್ಟಿರುವ ಗತಿಯ ಜೊತೆ ನನ್ನ ಜಗಳ. ಒಂದು ಸಂಸ್ಥೆಯ ನಡವಳಿಕೆಯನ್ನೇ ಬದಲಾಯಿಸಬೇಕಾಗಿದ್ದ ಮಾತನ್ನು ಒಬ್ಬ ನೌಕರನ ಬಯೋಡೇಟಾದಲ್ಲಿ ಸೇರುವ ಒಂದು ಸಾಲನ್ನಾಗಿ ಮಾಡಿಬಿಟ್ಟಿದ್ದೇವೆ.

ವಿಚಾರ ಏನೆಂದು ಸರಳವಾಗಿ ಹೇಳುವುದಾದರೆ ಹೀಗೆ. ಬಾಲಮಂದಿರಕ್ಕೆ ಬಂದ ಹನ್ನೊಂದು ವರ್ಷದ ಹುಡುಗಿ ಚಪಾತಿ ಕದ್ದು ದಿಂಬಿನ ಕೆಳಗಿಡುತ್ತಾಳೆ. ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ ಕಚ್ಚುತ್ತಾಳೆ. ಪಾಠದ ನಡುವೆ ಕಣ್ಣು ಬಿಟ್ಟುಕೊಂಡೇ ಎಲ್ಲೋ ಹೋಗಿಬಿಡುತ್ತಾಳೆ, ಹೆಸರು ಹಿಡಿದು ಕರೆದರೂ ಕೇಳಿಸುವುದಿಲ್ಲ. ಇಂಥ ಮಗುವಿಗೆ ನಮ್ಮಲ್ಲಿ ಹೆಸರುಗಳು ತಯಾರಾಗಿಯೇ ಇವೆ: ಕಳ್ಳಿ, ಗಯ್ಯಾಳಿ, ಮಂಕುದಿಣ್ಣೆ. ಆಘಾತದ ತಿಳಿವಳಿಕೆ ಹೇಳುವುದು, ಈ ಮೂರೂ ಗುಣಗಳಲ್ಲ, ಮೂರೂ ಉಪಾಯಗಳು ಎಂದು. ಹಸಿವು ಮತ್ತೆ ಬರಬಹುದೆಂದು ಗೊತ್ತಿರುವ ದೇಹ ಚಪಾತಿ ಕೂಡಿಡುತ್ತದೆ. ಹಿಂದಿನಿಂದ ಬರುವ ಕೈ ಏನು ಮಾಡುತ್ತದೆಂದು ಗೊತ್ತಿರುವ ದೇಹ ಕಚ್ಚುತ್ತದೆ. ಓಡಲೂ ಆಗದ, ಹೊಡೆಯಲೂ ಆಗದ ಹೊತ್ತಿನಲ್ಲಿ ಮನಸ್ಸು ದೇಹವನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಲ್ಲುವುದನ್ನು ಕಲಿಯುತ್ತದೆ. ಅಪಾಯ ಕಳೆದ ಮೇಲೂ ಆ ಅಭ್ಯಾಸ ಹೋಗುವುದಿಲ್ಲ.

ಇದು ಯಾರದೋ ಭಾವುಕತೆಯಲ್ಲ. 1992ರಲ್ಲಿ ಜೂಡಿತ್ ಹರ್ಮನ್ ‘ಟ್ರಾಮಾ ಅಂಡ್ ರಿಕವರಿ’ ಬರೆದಾಗ, ಯುದ್ಧದಿಂದ ಮರಳಿದ ಸೈನಿಕನ ನರಳಿಕೆಗೂ ಮನೆಯೊಳಗೇ ಹಿಂಸೆ ಉಂಡ ಹೆಣ್ಣು ಮಕ್ಕಳ ನರಳಿಕೆಗೂ ಒಂದೇ ಎರಕ ಇದೆ ಎಂದು ತೋರಿಸಿದ್ದರು. 1998ರಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಎರಡು ಸುತ್ತು ಸೇರಿ ಹದಿನೇಳು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ಕೇಳಿದ ಆ ಅಧ್ಯಯನ, ಬಾಲ್ಯದ ಹಿಂಸೆಗೂ ನಲವತ್ತು ಐವತ್ತರ ವಯಸ್ಸಿನ ಹೃದಯದ ಕಾಯಿಲೆ, ಕುಡಿತ, ಖಿನ್ನತೆಗೂ ಇರುವ ನಂಟನ್ನು ತೋರಿಸಿತು. 2014ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಇದನ್ನೆಲ್ಲ ಸೇರಿಸಿ ಒಂದು ಮಾರ್ಗಸೂಚಿ ಹೊರತಂದಿತು. ನಮ್ಮ ಪ್ರೊಜೆಕ್ಟರುಗಳ ಮೇಲೆ ಕಾಣಿಸುವ ‘ಆರು ತತ್ವಗಳು’, ಅಂದರೆ ಸುರಕ್ಷತೆ, ವಿಶ್ವಾಸ ಇತ್ಯಾದಿ, ಅಲ್ಲಿಂದಲೇ ಬಂದವು.

ತಮಾಷೆ ಏನೆಂದರೆ, ಆ ಮಾರ್ಗಸೂಚಿ ಮಾತಾಡುವುದು ಚಿಕಿತ್ಸೆಯ ಬಗ್ಗೆ ಅಲ್ಲ, ಸಂಸ್ಥೆಗಳ ಬಗ್ಗೆ. ‘ಟ್ರಾಮಾ ಇನ್‌ಫಾರ್ಮ್ಡ್’ ಎಂಬ ವಿಶೇಷಣವನ್ನು ಒಂದು ಆಸ್ಪತ್ರೆಗೆ, ಒಂದು ಶಾಲೆಗೆ, ಒಂದು ಠಾಣೆಗೆ ಹಚ್ಚಬೇಕು. ಬಾಗಿಲಲ್ಲಿ ಮಗುವನ್ನು ಬರಮಾಡಿಕೊಳ್ಳುವ ರೀತಿ, ರಾತ್ರಿ ದೀಪ ಆರಿಸುವ ರೀತಿ, ತಪ್ಪು ಮಾಡಿದಾಗ ಶಿಕ್ಷಿಸುವ ರೀತಿ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಮೊದಲೇ ತಿಳಿಸುವ ರೀತಿ, ಇವೆಲ್ಲ ಬದಲಾದರೆ ಆ ಸಂಸ್ಥೆಗೆ ಆ ಹೆಸರು ಸಲ್ಲುತ್ತದೆ. ನಲವತ್ತು ಮಂದಿ ಇರುವ ಕೇಂದ್ರದಿಂದ ಒಬ್ಬ ಆಪ್ತಸಮಾಲೋಚಕಿಯನ್ನು ಬೆಂಗಳೂರಿಗೆ ಕರೆಸಿ, ಎರಡು ದಿನ ಕೂರಿಸಿ, ವಾಪಸು ಕಳಿಸಿ, ‘ನಮ್ಮ ಕೇಂದ್ರ ಈಗ ಟ್ರಾಮಾ ಇನ್‌ಫಾರ್ಮ್ಡ್’ ಎಂದರೆ ಅಡುಗೆಯವನೊಬ್ಬನಿಗೆ ಈಜು ಕಲಿಸಿ ಹಡಗು ಮುಳುಗುವುದಿಲ್ಲ ಎಂದ ಹಾಗೆ. ವಾಪಸು ಹೋದವಳು ಸೋಮವಾರ ಬೆಳಿಗ್ಗೆ ಎದುರಿಸುವುದು ಅದೇ ಅಧೀಕ್ಷಕರನ್ನು, ಅದೇ ರಿಜಿಸ್ಟರುಗಳನ್ನು, ‘ಏನ್ ಮೇಡಂ, ಟ್ರೈನಿಂಗ್ ಮುಗೀತಾ, ಊಟ ಚೆನ್ನಾಗಿತ್ತಾ?’ ಎಂಬ ಅದೇ ಪ್ರಶ್ನೆಯನ್ನು.

ಇನ್ನು, ಮಗು ಮೊದಲು ಮಾತಾಡುವುದು ಯಾರ ಹತ್ತಿರ ಎಂದು ಕೇಳಿಕೊಂಡರೆ ಈ ತರಬೇತಿಗಳ ಪೊಳ್ಳು ಇನ್ನೂ ಚೆನ್ನಾಗಿ ಕಾಣುತ್ತದೆ. ಮಕ್ಕಳು ಅಪಾಯಿಂಟ್‌ಮೆಂಟ್ ತಗೊಂಡು ಮಾತಾಡುವುದಿಲ್ಲ. ತಲೆ ಬಾಚುವಾಗ ಮಾತಾಡುತ್ತಾರೆ, ಪಾತ್ರೆ ತೊಳೆಯುವಾಗ ಮಾತಾಡುತ್ತಾರೆ, ಹೊಟ್ಟೆನೋವು ಎಂದು ಹೇಳಿ ಮಲಗಿದಾಗ ಪಕ್ಕದಲ್ಲಿ ಯಾರಿರುತ್ತಾರೋ ಅವರ ಹತ್ತಿರ ಮಾತಾಡುತ್ತಾರೆ. ಅಂಥವರು ಯಾರು? ಬಾಲಮಂದಿರದ ಗೃಹಮಾತೆ, ವಸತಿ ಶಾಲೆಯ ಅಡುಗೆಯಾಕೆ, ಹಾಸ್ಟೆಲ್ಲಿನ ವಾರ್ಡನ್, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಿ.ಟಿ. ಮೇಷ್ಟ್ರು. ‘ಸುಧಾರಿತ ವೃತ್ತಿಪರ ತರಬೇತಿ’ ಎಂಬ ಹೆಸರಿನಲ್ಲೇ ಇವರನ್ನೆಲ್ಲ ಹೊರಗಿಟ್ಟಾಗಿದೆ. ಇವರು ‘ವೃತ್ತಿಪರ’ರಲ್ಲ. ಇವರಿಗೆ ಎಂ.ಎಸ್.ಡಬ್ಲ್ಯೂ. ಇಲ್ಲ, ಸೈಕಾಲಜಿ ಎಂ.ಎ. ಇಲ್ಲ. ಇವರಿಗಿರುವುದು ಮಗುವಿನ ರಾತ್ರಿಗಳು ಮಾತ್ರ.

ಇಂಥ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಕೆಲವು ಸಲ ಬಂದಿದೆ. ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತು ಕೇಳುವ ಅವಕಾಶವೂ ಸಿಕ್ಕಿದೆ. ಒಂದು ತರಬೇತಿಯಲ್ಲಿ, ಹೇಗೋ ಪಟ್ಟಿಯಲ್ಲಿ ಹೆಸರು ಸೇರಿಹೋಗಿದ್ದ ಉತ್ತರ ಕರ್ನಾಟಕದ ಗೃಹಮಾತೆಯೊಬ್ಬರು ಎದ್ದು ನಿಂತರು. ‘ಮೇಡಂ, ಒಂದ್ ಹುಡುಗಿ ರಾತ್ರಿ ಎರಡಕ್ಕ ಚೀರತಾಳ್ರೀ. ಉಳಿದಾವೂ ಏಳ್ತಾವ. ನಾ ಒಬ್ಬಾಕೀನ ಇರ್ತೀನಿ. ಆವಾಗ ಏನ್ ಮಾಡಲ್ರೀ?’ ಇಂಗ್ಲಿಷಿನಲ್ಲಿ ಉತ್ತರ ಬಂತು: ಅದು ರೆಫರಲ್ಲಿಗೆ ಸಂಬಂಧಪಟ್ಟ ವಿಷಯ, ನಿಮ್ಮ ಕೇಂದ್ರದ ಆಪ್ತಸಮಾಲೋಚಕರ ಗಮನಕ್ಕೆ ತನ್ನಿ. ಆಪ್ತಸಮಾಲೋಚಕರು ಇರುವುದು ಹತ್ತರಿಂದ ಐದೂವರೆ. ಗೃಹಮಾತೆ ಕೂತರು. ಮುಂದಿನ ಸ್ಲೈಡ್ ಮಿದುಳಿನ ಚಿತ್ರ, ಅಮಿಗ್ಡಲಾ ಎಲ್ಲಿದೆ ಅಂತ ಕೆಂಪು ಬಾಣದ ಗುರುತು.

ಅದೇ ದಿನ ಮಧ್ಯಾಹ್ನ ನನ್ನ ಅನುವಾದದ ಒಂದು ವಾಕ್ಯವನ್ನು ಓದಿಸಿದರು: ‘ಕಣ್ಣು ಮುಚ್ಚಿಕೊಂಡು ನಿನಗೆ ಸುರಕ್ಷಿತ ಅನ್ನಿಸುವ ಒಂದು ಜಾಗವನ್ನು ನೆನಪಿಸಿಕೋ.’ ಬಹಳ ಕೈಪಿಡಿಗಳಲ್ಲಿ ಇರುವ ಅಭ್ಯಾಸ ಇದು. ಅದೇ ಗೃಹಮಾತೆ ಊಟದ ಹೊತ್ತಿನಲ್ಲಿ ನನಗೆ ಹೇಳಿದರು: ‘ಕಣ್ಣ ಮುಚ್ಚು ಅಂದ್ರ ಅದು ಇನ್ನೂ ಹೆದರತೈತ್ರೀ. ನಾ ಲೈಟ್ ಹಾಕಿ, ಬಾಗಲದಾಗ ಕುಂದರ್ತೀನಿ. ನಾ ಇಲ್ಲೇ ಅದೀನಿ, ಮಲ್ಕೋ ಅಂತೀನಿ.’ ಆಘಾತದ ಶಾಸ್ತ್ರ ಬಲ್ಲವರು ಇದನ್ನು ಒಪ್ಪುತ್ತಾರೆ. ಕಣ್ಣು ಮುಚ್ಚಿಸುವುದು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ, ಮನೆಯಲ್ಲೇ ಹಿಂಸೆ ಉಂಡ ಮಗುವಿಗೆ ‘ಸುರಕ್ಷಿತ ಜಾಗ’ ಎಂಬ ನೆನಪೇ ಇರದಿರಬಹುದು ಎಂಬುದು ಅವರಿಗೆ ಗೊತ್ತು. ಆ ಹೆಂಗಸು ಶಾಸ್ತ್ರದ ಹೆಸರಿಲ್ಲದೆ ಅದನ್ನು ಮಾಡುತ್ತಿದ್ದರು. ಆದರೆ ಪ್ರಮಾಣಪತ್ರ ಅವರು ಕಲಿಸಿದ್ದಕ್ಕಲ್ಲ, ಕೇಳಿಸಿಕೊಂಡದ್ದಕ್ಕೆ ಸಿಕ್ಕಿತು.

ಇಲ್ಲಿ ಒಂದು ಲೆಕ್ಕ. 2015ರ ಬಾಲನ್ಯಾಯ ಕಾಯ್ದೆಯ ಅಡಿ 2016ರಲ್ಲಿ ಬಂದ ಮಾದರಿ ನಿಯಮಗಳು ನೂರು ಮಕ್ಕಳ ಸಂಸ್ಥೆಗೆ ಇಬ್ಬರು ಆಪ್ತಸಮಾಲೋಚಕರು ಎನ್ನುತ್ತವೆ. ಅದು ಕಾಗದದ ಮೇಲೆ. ಒಂದು ಮಗುವಿನ ಜೊತೆ ವಾರಕ್ಕೆ ಒಂದು ಗಂಟೆ ಎಂದರೂ ಐವತ್ತು ಮಕ್ಕಳಿಗೆ ವಾರಕ್ಕೆ ಐವತ್ತು ಗಂಟೆ ಬೇಕು, ವರದಿ ಬರೆಯುವ, ಸಮಿತಿಯ ಮುಂದೆ ಹಾಜರಾಗುವ, ಊರಿಗೆ ಹೋಗಿ ಮನೆ ನೋಡಿ ಬರುವ ಕೆಲಸವನ್ನು ಬಿಟ್ಟು. ಈ ತರಬೇತಿಗಳಲ್ಲಿ ಕಲಿಸುವ, ಪುರಾವೆಯ ಬಲ ಚೆನ್ನಾಗಿಯೇ ಇರುವ ಚಿಕಿತ್ಸಾ ಕ್ರಮವೊಂದಕ್ಕೆ ಹನ್ನೆರಡರಿಂದ ಹದಿನಾರು ಭೇಟಿಗಳು ಬೇಕು, ಜೊತೆಗೆ ಮಗುವನ್ನು ನೋಡಿಕೊಳ್ಳುವ ದೊಡ್ಡವರೊಬ್ಬರು ಸಮಾಂತರವಾಗಿ ಪಾಲ್ಗೊಳ್ಳಬೇಕು. ಬಾಲಮಂದಿರದ ಮಗುವಿಗೆ ಆ ದೊಡ್ಡವರು ಯಾರು? ಗೃಹಮಾತೆಯೇ. ಅವರನ್ನು ಹೊರಗಿಟ್ಟು ಮಾಡಿದ ಚಿಕಿತ್ಸೆ ಅದರ ಪಠ್ಯದ ಪ್ರಕಾರವೇ ಅರ್ಧಂಬರ್ಧ.

ಇನ್ನು ಠಾಣೆ ಮತ್ತು ಕೋರ್ಟು. ಸಾಹಿತ್ಯದ ವಿದ್ಯಾರ್ಥಿಗಳು ಓದುವ ಪತ್ರಿಕೆಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ಮೂಲತಃ ಭಾಷೆಯ ಪ್ರಶ್ನೆ. 2012ರ ಪೋಕ್ಸೋ ಕಾಯ್ದೆ ತನ್ನ ಕಾಲಕ್ಕೆ ಮೀರಿದ ಸೂಕ್ಷ್ಮತೆಯಿಂದ ಬರೆದದ್ದು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಕೇಳಬೇಕು, ಕೋರ್ಟಿಗೆ ಪದೇ ಪದೇ ಕರೆಸಬಾರದು, ವಕೀಲರು ನೇರವಾಗಿ ಪ್ರಶ್ನೆ ಹಾಕದೆ ನ್ಯಾಯಾಧೀಶರ ಮೂಲಕ ಕೇಳಬೇಕು, ಮಗುವಿನ ಕಣ್ಣಿಗೆ ಆರೋಪಿ ಬೀಳಬಾರದು. 26ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿಕೆಯನ್ನು ಮಗು ಆಡಿದ ಹಾಗೆಯೇ ದಾಖಲಿಸಬೇಕು ಎನ್ನುತ್ತದೆ. ಆಡಿದ ಹಾಗೆಯೇ!

ಈಗ ನಮ್ಮ ಠಾಣೆಯ ಕನ್ನಡವನ್ನು ನೆನಪಿಸಿಕೊಳ್ಳಿ. ‘ಸದರಿ ಬಾಲಕಿಯು ಮನೆಯಲ್ಲಿ ಒಬ್ಬಳೇ ಇದ್ದ ಸಮಯವನ್ನು ನೋಡಿಕೊಂಡು ಸದರಿ ಆರೋಪಿಯು...’ ಎಂದು ಶುರುವಾಗಿ ‘ಎಸಗಿರುತ್ತಾನೆ’ ಎಂದು ಮುಗಿಯುವ ಆ ಕನ್ನಡವನ್ನು ಯಾವ ಮಗುವೂ ಆಡಿಲ್ಲ, ಆಡುವುದೂ ಇಲ್ಲ. ಮಗು ಹೇಳಿರುವುದು ‘ಮಾಮ ಟಿವಿ ಸೌಂಡ್ ಜಾಸ್ತಿ ಮಾಡ್ದ’ ಅಂತ. ಅದಕ್ಕೆ ನೆನಪಿರುವುದು ಟಿವಿಯ ಸದ್ದು, ಚಾಪೆಯ ವಾಸನೆ, ಗೋಡೆಯ ಮೇಲಿನ ಹಲ್ಲಿ. ಆಘಾತದ ನೆನಪು ಹೀಗೇ ತುಣುಕು ತುಣುಕಾಗಿ, ತಾರೀಖು ವೇಳೆಗಳಿಲ್ಲದೆ ಇರುತ್ತದೆ. ರೈಟರ್ ಸಾಹೇಬರು ಅದನ್ನು ತಾರೀಖು, ವೇಳೆ, ಅನುಕ್ರಮ ಇರುವ ಕಥೆಯಾಗಿ ಹೊಲಿಯುತ್ತಾರೆ. ದೇಹದ ಭಾಗಕ್ಕೆ ಮಗು ಆಡಿದ ಮನೆಮಾತು ‘ಗುಪ್ತಾಂಗ’ ಆಗುತ್ತದೆ. ಎಷ್ಟೋ ತಿಂಗಳ ಮೇಲೆ ಮಗು ಸಾಕ್ಷಿ ಕಟ್ಟೆಗೆ ಬಂದು ಮತ್ತೆ ಟಿವಿಯ ಸದ್ದಿನ ಬಗ್ಗೆ ಹೇಳಿದರೆ ಪಾಟೀಸವಾಲಿನಲ್ಲಿ ಕೇಳುತ್ತಾರೆ: ಪೊಲೀಸರ ಮುಂದೆ ಹೀಗೆ ಹೇಳಿಲ್ಲವಲ್ಲ? ಹಾಗಾದರೆ ಇದು ಯಾರೋ ಹೇಳಿಕೊಟ್ಟದ್ದಲ್ಲವೇ? ಮಗುವಿನ ಮಾತನ್ನು ಬದಲಿಸಿದವರು ಬೇರೆ, ಸುಳ್ಳಿ ಎನ್ನಿಸಿಕೊಳ್ಳುವುದು ಮಗು.

ಲಂಬಾಣಿ ಮಾತಾಡುವ, ತುಳು ಮಾತಾಡುವ, ದಖನಿ ಉರ್ದು ಮಾತಾಡುವ ಮಗುವಾದರೆ ಈ ಹೊಲಿಗೆಗೆ ಇನ್ನೊಂದು ಪದರ. ಭಾಷಾಂತರಕಾರರ ನೆರವು ಪಡೆಯಬಹುದೆಂದು ಅದೇ 26ನೆಯ ಕಲಂ ಹೇಳುತ್ತದೆ. ಠಾಣೆಗೆ ಬರುವ ‘ಭಾಷಾಂತರಕಾರ’ ಅನೇಕ ಸಲ ತಾಂಡಾದ ಹಿರಿಯ. ಆರೋಪಿಯೂ ಅವನ ತಾಂಡಾದವನೇ.

ಈ ಎಲ್ಲವನ್ನೂ ಕಲಿಸುವುದಕ್ಕೆ ಬೇಕಾದದ್ದು ಮಿದುಳಿನ ಚಿತ್ರವಲ್ಲ. ಹೇಳಿಕೆ ಬರೆದುಕೊಳ್ಳುವ ಪೇದೆಯನ್ನೂ ಪಿಎಸ್‌ಐಯನ್ನೂ ಕೂರಿಸಿಕೊಂಡು, ನಿಜವಾದ ಹೇಳಿಕೆಗಳ ಹೆಸರು ಅಳಿಸಿದ ಪ್ರತಿಗಳನ್ನು ಮುಂದಿಟ್ಟುಕೊಂಡು, ‘ಈ ವಾಕ್ಯ ಮಗುವಿನದೋ ನಿಮ್ಮದೋ’ ಎಂದು ಸಾಲು ಸಾಲಾಗಿ ಕೇಳುವ ತರಬೇತಿ ಬೇಕು. ಅದು ಭಾಷಾ ತರಬೇತಿ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಬಹುದಾಗಿದ್ದ, ಆದರೆ ಯಾರೂ ಅವರನ್ನು ಕೇಳದ, ಅವರಾಗಿ ಕೇಳಿಕೊಂಡೂ ಹೋಗದ ಕೆಲಸ. ಮಕ್ಕಳು ದೇಹದ ಭಾಗಗಳಿಗೆ ಯಾವ ಸೀಮೆಯಲ್ಲಿ ಏನೆನ್ನುತ್ತಾರೆ, ‘ಕೆಟ್ಟದ್ದಾಯಿತು’ ಎನ್ನಲು ಬೀದರಿನಲ್ಲಿ ಏನು ಹೇಳುತ್ತಾರೆ, ಪುತ್ತೂರಿನಲ್ಲಿ ಏನು ಹೇಳುತ್ತಾರೆ ಎಂಬ ಒಂದು ಸಣ್ಣ ಪದಕೋಶ ಠಾಣೆಯ ಮೇಜಿನ ಮೇಲಿದ್ದರೆ ಎಷ್ಟು ಮಕ್ಕಳ ಮಾತು ಉಳಿಯಬಹುದು! ಆಘಾತ ಎಂಬ ಪದವನ್ನು ಕವಿಗೋಷ್ಠಿಗಳಲ್ಲಿ ಧಾರಾಳವಾಗಿ ಖರ್ಚು ಮಾಡುವ ನಾವು ಇಂಥದ್ದಕ್ಕೆ ಕೈಹಾಕಿದ್ದು ಕಾಣೆ.

ಹದಿಹರೆಯದವರ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ಹದಿನೆಂಟರ ಕೆಳಗಿನ ಎಲ್ಲರೂ ಕಾನೂನಿನ ಕಣ್ಣಿಗೆ ಮಗು. ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಪೋಕ್ಸೋದ 19ನೆಯ ಕಲಂ, ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ ಎಂದು 21ನೆಯ ಕಲಂ. ಹದಿನಾರೂವರೆಯ ಹುಡುಗಿ, ಹತ್ತೊಂಬತ್ತರ ಹುಡುಗ, ಬಸ್ ಹತ್ತಿ ಹೋದರು; ಅಪ್ಪ ದೂರು ಕೊಟ್ಟ; ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ. ಅವಳನ್ನು ‘ಟ್ರಾಮಾ ಇನ್‌ಫಾರ್ಮ್ಡ್’ ಆಗಿ ಮಾತಾಡಿಸಿ ಎಂದರೆ ಏನು ಅರ್ಥ? ಅವಳಿಗೆ ಆಘಾತವಾಗಿದೆ, ನಿಜ; ಆದರೆ ಅದು ಹುಡುಗನಿಂದ ಆದದ್ದೋ, ವೈದ್ಯಕೀಯ ಪರೀಕ್ಷೆಯಿಂದ ಆದದ್ದೋ, ‘ಅವನ ಮೇಲೆ ಹೇಳು, ಇಲ್ಲಾಂದ್ರೆ ಮನೆಗೆ ಕರ್ಕೊಳಲ್ಲ’ ಎಂಬ ಅಮ್ಮನ ಮಾತಿನಿಂದ ಆದದ್ದೋ? ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಇಂಥದೊಂದು ಪ್ರಕರಣದಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೆಯ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಸ್ವಲ್ಪ ಜಾಗ ಕೊಡೋಣ ಎಂದಿತು. ದೊಡ್ಡವರ ಚರ್ಚೆ ಆಗ ಅಲ್ಲಿಗೆ ಬಂದು ನಿಂತಿತ್ತು. ಹುಡುಗಿಯ ಎದುರು ಕೂತ ಆಪ್ತಸಮಾಲೋಚಕಿ ಮಾತ್ರ ಇಂದು ಬೆಳಿಗ್ಗೆಯೇ ಏನಾದರೂ ಮಾಡಬೇಕು.

ಅವಳಿಗೆ ಕೈಪಿಡಿ ಹೇಳುವುದು: ಮೊದಲು ವಿಶ್ವಾಸ ಗಳಿಸು. ಕಾನೂನು ಹೇಳುವುದು: ಕೇಳಿದ್ದನ್ನು ಹೋಗಿ ಹೇಳು. ‘ನನ್ನ ಹತ್ತಿರ ಹೇಳಿದ್ದು ನನ್ನಲ್ಲೇ ಇರುತ್ತದೆ’ ಎಂದು ಮಾತು ಕೊಟ್ಟು ಆಮೇಲೆ ಮುರಿದರೆ, ಒಮ್ಮೆ ದೊಡ್ಡವರಿಂದ ಮೋಸಹೋದ ಮಗು ಎರಡನೆಯ ಸಲ ಮೋಸಹೋಗುತ್ತದೆ. ಹಾಗಾಗಿ ಮೊದಲ ಐದು ನಿಮಿಷದಲ್ಲೇ, ಯಾವುದನ್ನು ತಾನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ, ಇಡಲಾರದ್ದನ್ನು ಯಾರಿಗೆ ಹೇಳಬೇಕಾಗುತ್ತದೆ, ಆಮೇಲೆ ಏನೇನಾಗುತ್ತದೆ ಎಂಬುದನ್ನು ಹುಡುಗಿಗೆ ಅರ್ಥವಾಗುವ ಕನ್ನಡದಲ್ಲಿ, ಹೆದರಿಸದೆ, ಸುಳ್ಳೂ ಆಡದೆ ಹೇಳಲು ಬರಬೇಕು. ಇದಕ್ಕಿಂತ ‘ಅಡ್ವಾನ್ಸ್ಡ್’ ಆದ ಕೌಶಲ ಈ ಕೆಲಸದಲ್ಲಿ ಇನ್ನೊಂದಿಲ್ಲ. ಇದನ್ನು ಕಲಿಯಲು ಸ್ಲೈಡು ಸಾಲದು. ಹತ್ತು ಸಲ ಆಡಿ ನೋಡಬೇಕು, ತಪ್ಪಬೇಕು, ಹಿರಿಯರೊಬ್ಬರು ಪಕ್ಕದಲ್ಲಿ ಕೂತು ತಿದ್ದಬೇಕು.

ಇಷ್ಟು ಹೇಳಿದಾಗ ಎದುರಿನಿಂದ ಎರಡು ಮಾತುಗಳು ಬರುತ್ತವೆ. ಮೊದಲನೆಯದು ನಮ್ಮ ಸಂಸ್ಕೃತಿಯ ವಕೀಲರದು: ಈ ಟ್ರಾಮಾ ಗೀಮಾ ಎಲ್ಲ ಅಮೆರಿಕದ ಸರಕು, ನಮ್ಮಲ್ಲಿ ಅಜ್ಜಿ ಇದ್ದಳು, ಅಂತ್ರ ಕಟ್ಟಿಸುತ್ತಿದ್ದಳು, ದೃಷ್ಟಿ ತೆಗೆಯುತ್ತಿದ್ದಳು, ಮಗು ಸರಿಹೋಗುತ್ತಿತ್ತು. ಈ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಅದನ್ನು ಬಿಟ್ಟುಕೊಡಬಾರದು. ‘ಮಗು ಬೆದರಿದೆ’ ಎಂದಾಗ ತಪ್ಪು ಮಗುವಿನದಲ್ಲ, ಹೊರಗಿನಿಂದ ಬಂದ ಬೆದರಿಕೆಯದು ಎಂದು ಮನೆ ಒಪ್ಪಿಕೊಂಡಂತಾಯಿತು. ಮನೆಮಂದಿಯೆಲ್ಲ ಸೇರಿ, ಮಗುವನ್ನು ನಡುವೆ ಕೂರಿಸಿಕೊಂಡು, ಅದಕ್ಕಾಗಿ ಏನೋ ಒಂದು ಮಾಡಿದಂತಾಯಿತು. ಒಬ್ಬ ಒಳ್ಳೆಯ ಚಿಕಿತ್ಸಕ ಇದನ್ನು ಹೊಡೆದುಹಾಕುವುದಿಲ್ಲ, ಜೊತೆಗಿಟ್ಟುಕೊಳ್ಳುತ್ತಾನೆ. ಆದರೆ ಅಂತ್ರ ಕಟ್ಟಿದ ಅದೇ ಅಜ್ಜಿ, ಬೆದರಿಸಿದವನು ಮನೆಯವನೇ ಎಂದು ಗೊತ್ತಾದ ದಿನ ಏನು ಮಾಡಿದಳು? ಮರ್ಯಾದೆ ಎಂಬ ಇನ್ನೊಂದು ಅಂತ್ರವನ್ನು ಮಗುವಿನ ಬಾಯಿಗೆ ಕಟ್ಟಿದಳು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದರು. ಹಿಂಸಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಅಜ್ಜಿಯಿದ್ದ ಮನೆಗಳ ಮಕ್ಕಳೂ ಇದರಲ್ಲಿದ್ದಾರೆ. ಸಂಸ್ಕೃತಿಯ ಹೆಸರಿನಲ್ಲಿ ಬಾಯಿ ಮುಚ್ಚಿಸುವವರಿಗೆ ಈ ವಾದದಲ್ಲಿ ಜಾಗ ಕೊಡಲಾರೆ.

ಎರಡನೆಯ ಮಾತು ಸಜ್ಜನರದು, ಅದಕ್ಕೇ ಹೆಚ್ಚು ಅಪಾಯದ್ದು: ಏನೂ ಇಲ್ಲದ್ದಕ್ಕಿಂತ ಎರಡು ದಿನದ ತರಬೇತಿ ವಾಸಿಯಲ್ಲವೇ? ಯಾವಾಗಲೂ ಅಲ್ಲ. ಆಘಾತದ ಕ್ಷೇತ್ರಕ್ಕೆ ಈ ವಿಷಯದಲ್ಲಿ ಕೈ ಸುಟ್ಟುಕೊಂಡ ಅನುಭವವಿದೆ. ದುರಂತ ನಡೆದ ತಕ್ಷಣ ಬದುಕುಳಿದವರನ್ನು ಒಂದೇ ಸಲ ಕೂರಿಸಿ ಆದದ್ದನ್ನೆಲ್ಲ ಹೇಳಿಸುವ ‘ಡಿಬ್ರೀಫಿಂಗ್’ ಎಂಬ ಪದ್ಧತಿ ಒಂದು ಕಾಲಕ್ಕೆ ಜಗತ್ತಿನ ತುಂಬ ಚಾಲ್ತಿಯಲ್ಲಿತ್ತು. ಹೇಳಿಕೊಂಡರೆ ಹಗುರಾಗುತ್ತದೆ ಎಂಬ ಸದ್ಬುದ್ಧಿಯೇ ಅದರ ಹಿಂದೆ ಇತ್ತು. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆ, ಇದರಿಂದ ಉಪಯೋಗವಾದ ಪುರಾವೆಯಿಲ್ಲ, ಕಡ್ಡಾಯವಾಗಿ ಮಾಡಿಸುವುದನ್ನು ನಿಲ್ಲಿಸಿ ಎಂದಿತು. ಎರಡು ದಿನ ಕಲಿತವರು ಮೊದಲು ಕಲಿಯುವುದು ‘ಮಗುವಿನಿಂದ ಮಾತು ಹೊರಡಿಸುವುದು’. ಹೊರಟ ಮಾತನ್ನು ಏನು ಮಾಡಬೇಕು, ಮಗು ನಡುಗಲು ಶುರುವಾದರೆ ಎಲ್ಲಿ ನಿಲ್ಲಿಸಬೇಕು, ನಾಳೆ ಮತ್ತು ನಾಡಿದ್ದು ಆ ಮಗುವಿನ ಪಕ್ಕ ಯಾರಿರಬೇಕು ಎಂಬುದೆಲ್ಲ ಮೂರನೆಯ ದಿನದ ಪಾಠ. ಮೂರನೆಯ ದಿನ ಇಲ್ಲ. ಗಾಯದ ಪಟ್ಟಿ ಬಿಚ್ಚಲು ಕಲಿಸಿ ಕಟ್ಟಲು ಕಲಿಸದೆ ಕಳಿಸುವ ಕಾಂಪೌಂಡರಿಗೂ ಇದಕ್ಕೂ ಏನು ವ್ಯತ್ಯಾಸ?

ಹಾಗಾದರೆ ದಾರಿ ಇಲ್ಲವೇ ಎಂದರೆ, ಇದೆ. ಅದೂ ನಮ್ಮ ನೆಲದಲ್ಲೇ ಹುಟ್ಟಿದ್ದು. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಒಂದು ಘಟಕ ಇಟ್ಟುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ನಿಭಾಯಿಸುವುದನ್ನು ಕಲಿಸತೊಡಗಿತ್ತು. 1980ರ ದಶಕದಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹರಡಿದರು. ತಜ್ಞರ ಕೊರತೆಯಿರುವ ದೇಶದಲ್ಲಿ ತಜ್ಞರಿಗಾಗಿ ಕಾಯದೆ, ಇರುವವರಿಗೇ ಕಲಿಸಿ, ಕಲಿಸಿದ ಮೇಲೆ ಕೈಬಿಡದೆ, ಔಷಧ ಪೂರೈಸಿ, ತಿಂಗಳು ತಿಂಗಳು ಹೋಗಿ ನೋಡಿಕೊಂಡು ಬರುವ ಮಾದರಿ ಅದು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಎದುರಿಗಿಟ್ಟುಕೊಂಡದ್ದು ಬಳ್ಳಾರಿಯನ್ನೇ. ಲಾತೂರು ಭೂಕಂಪ, ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, 2004ರ ಸುನಾಮಿ, ಈ ದುರಂತಗಳ ನಂತರವೂ ನಿಮ್ಹಾನ್ಸಿನವರು ಸ್ಥಳೀಯ ಕಾರ್ಯಕರ್ತರಿಗೇ ಸಂತ್ರಸ್ತರನ್ನು ಮಾತಾಡಿಸುವುದು, ಜೊತೆಗಿರುವುದು, ಮಕ್ಕಳಿಗೆ ಆಟ ಆಡಿಸುವುದನ್ನು ಕಲಿಸಿದರು. ಈಗ ಅದೇ ಸಂಸ್ಥೆಯಲ್ಲಿ ‘ಸಂವಾದ್’ ಹೆಸರಿನ ರಾಷ್ಟ್ರಮಟ್ಟದ ಯೋಜನೆ ಸಂಕಷ್ಟದ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ, ತನ್ನ ಸಾಮಗ್ರಿಯನ್ನು ಬಿಟ್ಟಿಯಾಗಿ ಜಾಲದಲ್ಲಿ ಇಟ್ಟಿದೆ. ಅಂದರೆ ತಿಳಿವಳಿಕೆಯ ಬಡತನ ನಮಗಿಲ್ಲ.

ಬಳ್ಳಾರಿಯ ಮಾದರಿಯಲ್ಲಿ ಗಮನಿಸಬೇಕಾದದ್ದು ಆ ‘ತಿಂಗಳು ತಿಂಗಳು’ ಎಂಬ ಮಾತು. ತರಬೇತಿ ಎಂದರೆ ಒಂದು ಘಟನೆಯಲ್ಲ, ಒಂದು ನಂಟು. ಗೃಹಮಾತೆಗೆ ಎರಡು ದಿನದ ಬದಲು ಎರಡು ತಾಸು ಸಾಕು, ಆದರೆ ಪ್ರತಿ ತಿಂಗಳೂ, ಅವರಿರುವ ಕಡೆಯೇ, ಅವರ ಕನ್ನಡದಲ್ಲೇ, ಕಳೆದ ತಿಂಗಳು ಯಾವ ಮಗು ಏನು ಮಾಡಿತು ಎಂಬಲ್ಲಿಂದ ಶುರುವಾಗಬೇಕು. ಜೊತೆಗೆ, ಕೇಳಿ ಕೇಳಿ ಅವರೊಳಗೆ ಏನು ತುಂಬಿಕೊಂಡಿದೆ ಎಂದು ಕೇಳುವವರೂ ಬೇಕು. ದಿನವೂ ಮಕ್ಕಳ ನರಕವನ್ನು ಕೇಳಿಸಿಕೊಳ್ಳುವವರು ಒಂದೋ ಕಲ್ಲಾಗುತ್ತಾರೆ, ಇಲ್ಲವೇ ಕೆಲಸ ಬಿಡುತ್ತಾರೆ. ಕಲ್ಲಾದವರನ್ನು ನೋಡಿ ‘ಇವರಿಗೆ ಸಂವೇದನೆ ಇಲ್ಲ, ಸಂವೇದನಾ ತರಬೇತಿ ಕೊಡಿ’ ಎನ್ನುತ್ತೇವೆ. ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರುತ್ತಾರೆ, ಅವರಿಗೆ ಮತ್ತೆ ಮೊದಲ ಸುತ್ತಿನ ತರಬೇತಿ. ಮಗುವಿಗಂತೂ ಇನ್ನೊಬ್ಬರು ದೊಡ್ಡವರು ಹೇಳದೆ ಕೇಳದೆ ಮಾಯವಾದರು ಅಷ್ಟೇ. ಹೊರಗುತ್ತಿಗೆಯ ಅವಧಿ ಮುಗಿಯಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ದುಡ್ಡಿನ ವಿಷಯವನ್ನು ಸಾಹಿತ್ಯ ಪತ್ರಿಕೆಗಳಲ್ಲಿ ಎತ್ತಬಾರದು ಎಂಬ ಒಂದು ಮಡಿ ಇದೆ, ಅದನ್ನು ಮುರಿಯುತ್ತೇನೆ. 2020ರ ಪೋಕ್ಸೋ ನಿಯಮಗಳು ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಬಹುದು ಎನ್ನುತ್ತವೆ. ನನ್ನ ಪ್ರಕಾರ ಇಡೀ ಕಾಯ್ದೆಯ ಜೀವಾಳ ಈ ಮನುಷ್ಯ. ಕೋರ್ಟಿನ ಮೆಟ್ಟಿಲು ಹತ್ತುವಾಗ ಕೈ ಹಿಡಿಯುವವರು, ವಿಚಾರಣೆ ಮುಂದೂಡಿದ್ದನ್ನು ಮಗುವಿಗೆ ವಿವರಿಸುವವರು, ಆರೋಪಿಯ ಕಡೆಯವರು ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಹಾಕಿದಾಗ ಫೋನು ಎತ್ತುವವರು ಅವರೇ. ಈ ವ್ಯಕ್ತಿಗೆ ಕೊಡುವ ಶುಲ್ಕವನ್ನು ರಾಜ್ಯ ಸರ್ಕಾರ ಗೊತ್ತುಪಡಿಸಬೇಕು. ನಿಯಮ ಹಾಕಿರುವ ಕೆಳಮಿತಿ, ಕುಶಲ ಕಾರ್ಮಿಕನಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ. ಗಾರೆ ಕೆಲಸದವರ ಬಗ್ಗೆ ನನಗೆ ಗೌರವ ಇರುವುದರಿಂದಲೇ ಕೇಳುತ್ತೇನೆ: ಗಾರೆಯವನು ಮುಂಗಡ ಇಲ್ಲದೆ ಕರಣೆ ಎತ್ತುವುದಿಲ್ಲ, ಶನಿವಾರ ಬಟವಾಡೆ ಆಗದಿದ್ದರೆ ಸೋಮವಾರ ಬರುವುದಿಲ್ಲ. ವರ್ಷಗಟ್ಟಲೆ ಎಳೆಯುವ ಪ್ರಕರಣದಲ್ಲಿ ಬಸ್ ಚಾರ್ಜು ಕೈಯಿಂದ ಹಾಕಿಕೊಂಡು ತಾಲ್ಲೂಕಿನಿಂದ ಜಿಲ್ಲಾ ಕೋರ್ಟಿಗೆ ಓಡಾಡುವ ಹೆಂಗಸಿಗೆ ಬಿಲ್ಲು ಪಾಸಾಗುವುದು ಯಾವಾಗ?

ಒಂದು ತರಬೇತಿಗೆ ಹೋಟೆಲಿನ ಹಾಲು, ಸಂಪನ್ಮೂಲ ವ್ಯಕ್ತಿಯ ವಿಮಾನ, ಬ್ಯಾಗು, ಪೆನ್ನು, ಫೈಲು, ಬ್ಯಾನರು ಎಂದು ಖರ್ಚಾಗುವ ಹಣದ ಬಿಲ್ಲು ಮಾತ್ರ ಮಾರ್ಚ್ 31ರ ಒಳಗೆ ತಪ್ಪದೆ ಪಾಸಾಗುತ್ತದೆ. ಈ ವರ್ಷ ಇಂಥ ತರಬೇತಿಗೆ ಆಹ್ವಾನ ಬಂದವರು ಸಂಘಟಕರಿಗೆ ಫೋನು ಮಾಡಿ ಕೇಳಲಿ: ಪಟ್ಟಿಯಲ್ಲಿ ರಾತ್ರಿ ಪಾಳಿಯವರು ಎಷ್ಟು ಮಂದಿ ಇದ್ದಾರೆ, ಅವರು ಬಂದ ಎರಡು ರಾತ್ರಿ ಆ ಮಕ್ಕಳ ಜೊತೆ ಯಾರಿರುತ್ತಾರೆ, ಮತ್ತು ಮುಂದಿನ ತಿಂಗಳು ಅವರ ಕೇಂದ್ರಕ್ಕೆ ಹೋಗುವವರು ಯಾರು.